ಬಚ್ಚಲ ತೂಬಿಗೆ ಕೈ ಹಾಕುವವರು ಯಾರು?

ಮಿಂದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಒಮ್ಮೆಯೂ ಬಗ್ಗಿ ನೋಡದ ತಲೆಮಾರೊಂದು ನಮ್ಮ ಕಣ್ಣೆದುರಿಗೇ ಬೆಳೆದು ನಿಂತಿದೆ ಎಂದರೆ, ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು “ಮಿಸ್ ಮತ್ತೆ ಶುರು ಮಾಡಿದರು” ಎಂದು ನಗಬಹುದು. ನಗಲಿ. ಕಳೆದ ಕೆಲವು ತಿಂಗಳುಗಳಲ್ಲಿ ಬೆಂಗಳೂರಿನಿಂದಲೂ, ಕಡಲಾಚೆಯಿಂದಲೂ ನನಗೆ ಬಂದ ಫೋನುಗಳಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕು ಮಂದಿ ಕೇಳಿದ್ದಾರೆ: “ಬಾತ್ ಟಬ್ಬಿನ ನೀರು ಹೋಗ್ತಾ ಇಲ್ಲ. ಯಾವ ಪುಡಿ ಹಾಕಲಿ?” ಇವರಲ್ಲಿ ಇಬ್ಬರು ಎಂಜಿನಿಯರುಗಳು, ಒಬ್ಬಳು ಡಾಕ್ಟರು. ತೂಬನ್ನು ಹೇಗೆ ಬಿಚ್ಚಬೇಕೆಂದು ಕೇಳಿದವರು ಒಬ್ಬರೂ ಇಲ್ಲ. ನನ್ನ ಜಗಳವಿರುವುದು ಕಟ್ಟಿಕೊಂಡ ಬಚ್ಚಲಿನ ಮೇಲಲ್ಲ, ಈ ‘ಯಾವ ಪುಡಿ’ ಎಂಬ ಪ್ರಶ್ನೆಯ ಮೇಲೆ.

‘ತೂಬು’ ಎಂಬ ಪದವನ್ನು ನಾನು ಬೇಕೆಂದೇ ಬಳಸುತ್ತಿದ್ದೇನೆ. ಕೆರೆಯ ಏರಿಯಲ್ಲಿ ನೀರು ಬಿಡುವ ಕಂಡಿಗೆ ನಮ್ಮವರು ಇಟ್ಟ ಹೆಸರು ಅದು. ಬಾತ್ ಟಬ್ಬೆಂಬುದು ಮನೆಯೊಳಗಿನ ಒಂದು ಪುಟ್ಟ ಕೆರೆಯಲ್ಲದೆ ಮತ್ತೇನು? ಏರಿಯಿದೆ, ತೂಬಿದೆ, ಮಿಕ್ಕ ನೀರು ಹರಿದುಹೋಗಲು ಕೋಡಿಯೂ ಇದೆ. ಟಬ್ಬಿನ ಗೋಡೆಯಲ್ಲಿ ಮೇಲುಗಡೆ ಕಾಣುವ ಆ ದುಂಡನೆಯ ಲೋಹದ ಬಿಲ್ಲೆಯ ಹಿಂದಿನ ಕಂಡಿಯೇ ಕೋಡಿ. ಹಳೆಯ ಮೈಸೂರಿನ ಕಡೆ ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯಲ್ಲಿ ಕಸ ಕಟ್ಟಿಕೊಂಡರೆ ತೆಗೆಯುವುದು ಅವನ ಕೆಲಸ. ಅನೇಕ ಊರುಗಳಲ್ಲಿ ಈ ಕೆಲಸ ದಲಿತ ಕುಟುಂಬಗಳ ಪಾಲಿಗೆ ಬಂದಿತ್ತು. ಊರಿನ ಗದ್ದೆಗಳಿಗೆಲ್ಲ ನೀರು ಹಂಚುವವನನ್ನು ಊರ ಹೊರಗೆ ಇರಿಸಿದ್ದ ವಿಪರ್ಯಾಸವನ್ನು ನಾನಿಲ್ಲಿ ಬೆಳೆಸುವುದಿಲ್ಲ, ಮುಂದೆ ಅದೇ ಬೇರೆ ರೂಪದಲ್ಲಿ ಎದುರಾಗುತ್ತದೆ.

ನೀರು ತುಂಬುವ ಹಬ್ಬವನ್ನು ನೆನಪಿಸಿಕೊಳ್ಳಿ. ನರಕಚತುರ್ದಶಿಯ ಹಿಂದಿನ ಸಂಜೆ ಬಚ್ಚಲುಮನೆಯನ್ನು ತೊಳೆದು, ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳನೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ, ಗಂಗೆಯನ್ನು ಪೂಜಿಸುತ್ತಿದ್ದೆವು. ಒಳಗೆ ಬರುವ ನೀರಿಗೆ ಇಷ್ಟೊಂದು ಸಂಭ್ರಮ! ಮರುದಿನ ನಸುಕಿನಲ್ಲಿ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು, ಸೀಗೇಪುಡಿ ಕಡಲೆಹಿಟ್ಟಿನಲ್ಲಿ ತಿಕ್ಕಿಕೊಂಡು ಮಿಂದಾಗ ಹೊರಹೋಗುವ ನೀರಿಗೆ ಮಾತ್ರ ಯಾವ ಪೂಜೆಯೂ ಇಲ್ಲ. ಆ ನೀರನ್ನು ‘ಬಚ್ಚಲ ನೀರು’ ಎಂದರೆ ಸಾಕು, ಮೂಗು ತಾನಾಗಿಯೇ ಮುರಿಯುತ್ತದೆ. ಮಡಿಯಾಗುವುದಕ್ಕೆ ಬಚ್ಚಲು ಬೇಕು, ಆದರೆ ಬಚ್ಚಲು ಮೈಲಿಗೆ.

ಆದರೂ ಆ ಕಾಲದ ಬಚ್ಚಲಿನಲ್ಲಿ ಒಂದು ಪ್ರಾಮಾಣಿಕತೆಯಿತ್ತು. ಕಲ್ಲುಚಪ್ಪಡಿಯ ಇಳಿಜಾರು, ಗೋಡೆಯ ಬುಡದಲ್ಲೊಂದು ಕಂಡಿ, ಆಚೆ ಒಂದು ಸಣ್ಣ ಕಾಲುವೆ, ಅದರ ತುದಿಯಲ್ಲಿ ಬಾಳೆಯ ಬುಡವೋ ತೆಂಗಿನ ಪಾತಿಯೋ. ಕೂದಲು ಸಿಕ್ಕಿಕೊಂಡರೆ ಎಲ್ಲರಿಗೂ ಕಾಣುತ್ತಿತ್ತು. ಅಜ್ಜಿ ತೆಂಗಿನಗರಿಯ ಕಡ್ಡಿಯೊಂದನ್ನು ಹಿಡಿದು, ಗೊಣಗುತ್ತಲೇ ಎಳೆದು ಹಾಕುತ್ತಿದ್ದಳು. ಅಲ್ಲಿಗೆ ಮುಗಿಯಿತು. ಕೊಳವೆಗಳು ಗೋಡೆಯೊಳಗೆ, ನೆಲದೊಳಗೆ ಹುದುಗಿದ ಮೇಲೆ ನೀರು ‘ಮಾಯವಾಗಲು’ ತೊಡಗಿತು. ಕಣ್ಣಿಗೆ ಕಾಣದ್ದರ ಬಗೆಗೆ ನಮಗೆ ಭಯವೂ ಹೆಚ್ಚು, ಅಸಡ್ಡೆಯೂ ಹೆಚ್ಚು.

ಈಗ, ಆ ಕೊಳವೆಯೊಳಗೆ ನಿಜವಾಗಿ ಏನಾಗುತ್ತದೆ ಎಂಬುದಕ್ಕೆ ಬರೋಣ. ಮೂವತ್ತು ವರ್ಷಕ್ಕೂ ಮೀರಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳಿಗೆ ಇಷ್ಟು ಹೇಳುವ ಅಧಿಕಾರವುಂಟು.

ಆರೋಗ್ಯವಂತ ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಅದರಲ್ಲಿ ಗಣನೀಯ ಪಾಲು ಉದುರುವುದು ತಲೆಗೆ ನೀರು ಹಾಕಿಕೊಂಡಾಗಲೇ. ಟಬ್ಬಿನ ತೂಬಿನ ಬಾಯಲ್ಲಿ ಕೂಡಿಸುವ ಗುರುತಿನಂತೆ ಎರಡು ಅಡ್ಡಪಟ್ಟಿಗಳಿರುತ್ತವೆ. ಮೊದಲ ಕೂದಲು ಅಲ್ಲಿ ತೊಡರಿಕೊಳ್ಳುತ್ತದೆ. ಅದಕ್ಕೆ ಎರಡನೆಯದು ಸುತ್ತಿಕೊಳ್ಳುತ್ತದೆ. ಹೀಗೆ ಹೆಣೆದುಕೊಂಡ ಬಲೆಗೆ ಎಣ್ಣೆ, ಚರ್ಮದ ಹೊಟ್ಟು, ಹಿಟ್ಟು ಬಂದು ಮೆತ್ತಿಕೊಳ್ಳುತ್ತವೆ. ಸಾಲದ್ದಕ್ಕೆ ಗಡಸು ನೀರು. ಬೋರ್‌ವೆಲ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಡನೆ ಸೇರಿದರೆ ನೀರಿನಲ್ಲಿ ಕರಗದ ಒಂದು ಬಿಳಿಯ ಜಿಗುಟು ಉಂಟಾಗುತ್ತದೆಂದು ಒಂಬತ್ತನೆಯ ತರಗತಿಯಲ್ಲಿ ನಿಮಗೆ ಪ್ರಯೋಗ ಮಾಡಿ ತೋರಿಸಿದ್ದೆ. ಪ್ರನಾಳದಲ್ಲಿ ನೊರೆ ಬರದೆ ಮೊಸರೊಡೆದಂತೆ ಆದುದನ್ನು ಕಂಡು ಕಡೆಯ ಬೆಂಚಿನವರು ನಕ್ಕದ್ದೂ ನೆನಪಿದೆ. ಆ ಒಡೆದ ಮೊಸರೇ ಈಗ ನಿಮ್ಮ ಟಬ್ಬಿನ ಕೊಳವೆಯಲ್ಲಿ ಕುಳಿತಿರುವುದು. ಕೂದಲು ಬಲೆಯಾದರೆ ಇದು ಗಾರೆ.

ಮುಖ್ಯ ವಿಷಯವೆಂದರೆ, ಈ ಗಂಟು ಸಾಮಾನ್ಯವಾಗಿ ಪಾತಾಳದಲ್ಲಿರುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ತೂಬಿನ ಬಾಯಿಂದ ಒಂದು ಗೇಣಿನ ಒಳಗೇ ಇರುತ್ತದೆ. ಬೆರಳಿಗೆ ಎಟುಕುವ ಕಸಕ್ಕೆ ವಿಷವನ್ನು ಸುರಿಯುವುದೆಂದರೆ ಏನು ಹೇಳೋಣ?

ಪುಡಿಯ ಪ್ಯಾಕೆಟ್ಟಿನೊಳಗಿರುವುದು ಬಹುತೇಕ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಕೆಲವದರಲ್ಲಿ ಅಲ್ಯೂಮಿನಿಯಂ ಚೂರುಗಳನ್ನೂ ಬೆರೆಸಿರುತ್ತಾರೆ. ನೀರು ತಾಗಿದೊಡನೆ ಅದು ಕುದಿಯುವಷ್ಟು ಬಿಸಿಯಾಗಿ, ಅಲ್ಯೂಮಿನಿಯಂ ಇದ್ದರೆ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಕ್ಷಾರವು ಜಿಡ್ಡನ್ನು ಸಾಬೂನಾಗಿಸುತ್ತದೆ, ಕೂದಲಿನ ಕೆರಟಿನ್ ಎಂಬ ಪ್ರೋಟೀನನ್ನು ಮೆಲ್ಲಮೆಲ್ಲನೆ ಒಡೆಯುತ್ತದೆ. ಇದು ಸುಳ್ಳಲ್ಲ. ಆದರೆ ಮುಷ್ಟಿಗಾತ್ರದ ಗಂಟು ಪೂರ್ತಿ ಕರಗುವಷ್ಟು ಹೊತ್ತು, ಕರಗುವಷ್ಟು ಪ್ರಮಾಣದಲ್ಲಿ ಅದು ಅಲ್ಲಿ ನಿಲ್ಲುವುದೆಲ್ಲಿ? ಅಂಚು ಸವೆದ ಗಂಟು ತುಸು ಜಾರಿ, ಕೆಳಗಿನ ಬಾಗಿನಲ್ಲಿ ಹೋಗಿ ಕೂರುವುದೂ ಉಂಟು. ನೀರು ಎರಡು ವಾರ ಸರಾಗವಾಗಿ ಹೋಗುತ್ತದೆ. ಮೂರನೆಯ ವಾರ ಮತ್ತೆ ನಿಲ್ಲುತ್ತದೆ, ಈ ಸಲ ಬೆರಳಿಗೆ ಎಟುಕದ ಜಾಗದಲ್ಲಿ. ಇನ್ನೊಂದು ಪ್ಯಾಕೆಟ್ಟು!

ನಮ್ಮ ಊರುಗಳಲ್ಲಿ ಪುಡಿಗಿಂತಲೂ ಜನಪ್ರಿಯವಾದದ್ದು ಆಸಿಡ್. ಇದರ ಬಗ್ಗೆ ನನಗೆ ಇರುವ ಕೋಪವನ್ನು ಸಭ್ಯ ಭಾಷೆಯಲ್ಲಿ ಹೇಳುವುದು ಕಷ್ಟ. ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕೂದಲನ್ನು ಕರಗಿಸುವ ಶಕ್ತಿ ಹೇಳಿಕೊಳ್ಳುವಂಥದ್ದಲ್ಲ. ಅದು ತಿನ್ನುವುದು ಸುಣ್ಣವನ್ನು. ನಮ್ಮ ಎಷ್ಟೋ ಬಚ್ಚಲುಗಳಿಗೆ ಹಾಸಿರುವ ಶಹಾಬಾದ್ ಕಲ್ಲು, ಕಡಪ ಕಲ್ಲುಗಳು ಸುಣ್ಣದ ಕಲ್ಲುಗಳೇ. ಅಮೃತಶಿಲೆಯೂ ಅದೇ ಜಾತಿ. ಟೈಲ್ಸುಗಳ ನಡುವಿನ ಸಂದಿಗೆ ತುಂಬಿದ ಸಿಮೆಂಟಿನಲ್ಲಿಯೂ ಸುಣ್ಣದಂಶವಿದೆ. ಆಸಿಡ್ ಬಿದ್ದೊಡನೆ ಬುಸುಬುಸು ನೊರೆಯೇಳುತ್ತದಲ್ಲ, ಅದನ್ನು ಕಂಡು “ನೋಡಿ, ಕೊಳೆ ಹೇಗೆ ಬಿಡ್ತಾ ಇದೆ!” ಎಂದು ಸಂತೋಷಪಡುತ್ತಾರೆ. ಬಿಡುತ್ತಿರುವುದು ಕೊಳೆಯಲ್ಲ, ನೆಲ. ಆ ನೊರೆ ಇಂಗಾಲದ ಡೈಆಕ್ಸೈಡ್. ಸಂದಿಯ ಸಿಮೆಂಟು ಹೋದ ಮೇಲೆ ನೀರು ಕೆಳಗೆ ಇಳಿದು, ಕೆಳಮನೆಯವರ ಚಾವಣಿಯಲ್ಲಿ ಕಲೆ ಮೂಡಿ, ಅಪಾರ್ಟ್‌ಮೆಂಟಿನ ಸಭೆಯಲ್ಲಿ ಜಗಳವಾಗುತ್ತದೆ. ಕಾರಣ ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಇನ್ನೂ ಭಯಂಕರವಾದದ್ದು, ಒಂದು ಕೆಲಸ ಮಾಡಲಿಲ್ಲವೆಂದು ಅದರ ಮೇಲೆ ಇನ್ನೊಂದನ್ನು ಸುರಿಯುವುದು. ಬ್ಲೀಚಿಂಗ್ ದ್ರಾವಣದ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಹೊರಡುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಕಂದಕಗಳತ್ತ ಹರಿಯಬಿಟ್ಟದ್ದು ಇದೇ ಅನಿಲವನ್ನು. ಕಿಟಕಿಯೂ ಸರಿಯಾಗಿಲ್ಲದ ಐದಡಿ ಏಳಡಿಯ ಸ್ನಾನದ ಕೋಣೆಯಲ್ಲಿ ಅದನ್ನು ನಾವೇ ತಯಾರಿಸಿಕೊಂಡು ಉಸಿರಾಡುವುದಕ್ಕೆ ಯುದ್ಧವೇನೂ ಬೇಕಿಲ್ಲ. 2013ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಆಸಿಡ್ ದಾಳಿಗಳ ಹಿನ್ನೆಲೆಯಲ್ಲಿ, ಕೊಳ್ಳುವವರ ಗುರುತು, ವಿಳಾಸ, ಕಾರಣಗಳನ್ನು ಬರೆದಿಡದೆ ಆಸಿಡ್ ಮಾರಬಾರದೆಂದು ಆದೇಶಿಸಿತು. ಆ ಮೇಲೂ ಬಚ್ಚಲ ಹೆಸರಿನಲ್ಲಿ, ಹಳೆಯ ನೀರಿನ ಬಾಟಲಿಗಳಲ್ಲಿ ತುಂಬಿ, ಗಾಡಿಯ ಮೇಲೆ ಕೂಗಿ ಮಾರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಡುಗೆಸೋಡಾ ಮತ್ತು ವಿನೆಗರ್ ಪಕ್ಷದವರೂ ಇದ್ದಾರೆ. ವಾಟ್ಸಾಪಿನಲ್ಲಿ ದಿನಬಿಟ್ಟು ದಿನ ಈ ಉಪದೇಶ ಬರುತ್ತದೆ. ಒಂದು ಪ್ರತ್ಯಾಮ್ಲ, ಇನ್ನೊಂದು ಆಮ್ಲ, ಎರಡನ್ನೂ ಬೆರೆಸಿದರೆ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಸ್ವಲ್ಪ ಉಪ್ಪು, ನೀರು, ಒಂದಿಷ್ಟು ನೊರೆ. ಅಪಾಯವಿಲ್ಲ, ಪ್ರಯೋಜನವೂ ಇಲ್ಲ. ನೊರೆಗೆ ಮರುಳಾಗುವ ಚಟ ನಮಗೆ ಎಲ್ಲಿಂದ ಬಂತೋ! ಕುದಿಯುವ ನೀರನ್ನು ಸುರಿಯುವವರಿಗೂ ಒಂದು ಮಾತು. ಇಂದಿನ ಕೊಳವೆಗಳು ಬಹುತೇಕ ಪಿ.ವಿ.ಸಿ. ಅದು 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಕೈ ತಡೆಯುವಷ್ಟು ಬಿಸಿಯ ನೀರು ಜಿಡ್ಡಿಗೆ ಸಾಕು.

ಹಾಗಾದರೆ ಮಾಡಬೇಕಾದುದೇನು? ಬಿಚ್ಚಬೇಕು, ಎಳೆಯಬೇಕು, ತೊಳೆಯಬೇಕು. ಅಷ್ಟೇ. ಟಬ್ಬಿನ ಮುಚ್ಚಳ ಯಾವ ಬಗೆಯದೆಂದು ಮೊದಲು ನೋಡಿ. ತಲೆಯ ಮೇಲೆ ಗುಬುಟಿರುವುದಾದರೆ ಎತ್ತಿ ತಿರುಗಿಸಿದಾಗ ಕೆಳಗೊಂದು ಪುಟ್ಟ ಸ್ಕ್ರೂ ಕಾಣಬಹುದು, ಅದನ್ನು ಸಡಿಲಿಸಿ. ಕಾಲ್ಬೆರಳಿನಿಂದ ಒತ್ತುವ ಬಗೆಯದನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಕೋಡಿಯ ಬಿಲ್ಲೆಯ ಮೇಲೆ ಸನ್ನೆ ಇರುವ ಹಳೆಯ ಟಬ್ಬುಗಳಲ್ಲಿ ಆ ಬಿಲ್ಲೆಯ ಎರಡು ಸ್ಕ್ರೂಗಳನ್ನು ತೆಗೆದು ಮೆಲ್ಲನೆ ಎಳೆದರೆ ಒಳಗಿನ ಉದ್ದನೆಯ ಸಲಾಕೆ ಸಮೇತ ಹೊರಬರುತ್ತದೆ, ಅರ್ಧ ಕಸ ಅದಕ್ಕೇ ಸುತ್ತಿಕೊಂಡಿರುತ್ತದೆ. ಬಳಿಕ ಟಾರ್ಚು ಹಾಕಿ ನೋಡಿ. ಅಡ್ಡಪಟ್ಟಿಗೆ ತೊಡರಿದ್ದನ್ನು ಇಕ್ಕಳದಿಂದ ಎಳೆಯಿರಿ. ಅದರ ಕೆಳಗಿನದಕ್ಕೆ, ಅಂಚಿನುದ್ದಕ್ಕೂ ಹಿಂದಕ್ಕೆ ಬಾಗಿದ ಮುಳ್ಳುಗಳಿರುವ ಪ್ಲಾಸ್ಟಿಕ್ ಪಟ್ಟಿಯೊಂದು ಅಂಗಡಿಗಳಲ್ಲಿ ಸಿಗುತ್ತದೆ. ಒಂದು ಪ್ಯಾಕೆಟ್ ವಿಷಕ್ಕಿಂತ ಅದೇನೂ ದುಬಾರಿಯಲ್ಲ, ತೊಳೆದಿಟ್ಟರೆ ವರ್ಷಗಟ್ಟಲೆ ಬರುತ್ತದೆ. ಇಳಿಸಿ, ತಿರುವಿ, ನಿಧಾನವಾಗಿ ಮೇಲಕ್ಕೆ ಎಳೆಯಬೇಕು. ಹೊರಬರುವ ವಸ್ತುವಿನ ವರ್ಣನೆ ಬೇಡ. ಸತ್ತ ಇಲಿಯೆಂದು ಹೆದರಿ ಕೂಗಿಕೊಂಡವರನ್ನು ನಾನು ಕಂಡಿದ್ದೇನೆ.

ಇಷ್ಟಕ್ಕೂ ಬಗ್ಗದಿದ್ದರೆ ಪ್ಲಂಜರ್, ಕೋಲಿನ ತುದಿಗೆ ರಬ್ಬರಿನ ಬಟ್ಟಲಿರುವ ಸಾಧನ. ಇಲ್ಲಿ ಒಂದು ಗುಟ್ಟಿದೆ. ಕೋಡಿಯ ಕಂಡಿಗೆ ಒದ್ದೆ ಬಟ್ಟೆಯನ್ನು ಬಿಗಿಯಾಗಿ ಒತ್ತಿ ಮುಚ್ಚಿರಬೇಕು. ಇಲ್ಲದಿದ್ದರೆ ನೀವು ಒತ್ತಿದ ಒತ್ತಡವೆಲ್ಲ ಅಲ್ಲಿಂದ ತಪ್ಪಿಸಿಕೊಂಡು ಹೋಗುತ್ತದೆ, ಬೆವರು ಮಾತ್ರ ನಿಮಗೆ ಉಳಿಯುತ್ತದೆ. ರಬ್ಬರಿನ ಬಟ್ಟಲು ಮುಳುಗುವಷ್ಟು ನೀರೂ ಟಬ್ಬಿನಲ್ಲಿರಲಿ. ಆದರೆ ಮೊದಲೇ ಪುಡಿ ಅಥವಾ ಆಸಿಡ್ ಹಾಕಿದ್ದರೆ ಪ್ಲಂಜರನ್ನು ಮುಟ್ಟಲೇಬಾರದು. ಎಗರುವ ಒಂದು ಹನಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು.

ನಮ್ಮ ದೇಶದ ಸಾಮಾನ್ಯ ಬಚ್ಚಲುಗಳಲ್ಲಿ ಟಬ್ಬಿಲ್ಲ, ನೆಲದಲ್ಲಿ ನಹನಿ ಟ್ರ್ಯಾಪ್ ಇರುತ್ತದೆ. ಜಾಲರಿಯನ್ನು ಎತ್ತಿದರೆ ಒಳಗೊಂದು ಬಟ್ಟಲೋ ಗಂಟೆಯಾಕಾರದ ಮುಚ್ಚಳವೋ ಸಿಗುತ್ತದೆ. ಕೂದಲು ಸಿಕ್ಕಿಕೊಳ್ಳುತ್ತದೆಂದು ಅದನ್ನು ಕಿತ್ತು ಎಸೆದುಬಿಡುವ ಜಾಣರಿದ್ದಾರೆ. ನೀರು ಸಲೀಸಾಗಿ ಹೋಗುತ್ತದೆ, ನಿಜ. ಆದರೆ ಆ ಬಟ್ಟಲು, ಅಥವಾ ಟಬ್ಬಿನ ಕೆಳಗಿನ ಆ ಬಾಗು, ಸುಮ್ಮನೆ ಇಟ್ಟದ್ದಲ್ಲ. ಅಲ್ಲಿ ಸದಾ ನಿಲ್ಲುವ ಎರಡು ಅಂಗುಲದಷ್ಟು ನೀರೇ ಚರಂಡಿಗೂ ನಿಮ್ಮ ಮನೆಗೂ ನಡುವಿನ ಬಾಗಿಲು. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕನು ತನ್ನ ಶೌಚದ ಸಾಧನಕ್ಕೆ ಪಡೆದ ಪೇಟೆಂಟಿನಲ್ಲಿ ಕೊಳವೆಯನ್ನು ಹೀಗೆ ಬಾಗಿಸಿ ನೀರು ನಿಲ್ಲುವಂತೆ ಮಾಡಿದ. ಗಾಳಿಯನ್ನು ನೀರಿನಿಂದಲೇ ತಡೆಯುವ ಈ ಉಪಾಯಕ್ಕಿಂತ ಸರಳವಾದದ್ದು ನನಗೆ ತಿಳಿದಂತೆ ಇಡೀ ಮನೆಯಲ್ಲಿ ಇಲ್ಲ. ಆ ನೀರು ಆರಿದರೆ ದುರ್ವಾಸನೆ, ಜಿರಲೆಗಳು ಮಾತ್ರವೇ ಅಲ್ಲ. 2003ರಲ್ಲಿ ಹಾಂಗ್‌ಕಾಂಗಿನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗುಲಿದಾಗ, ಸ್ನಾನದ ಕೋಣೆಗಳ ನೆಲದ ಟ್ರ್ಯಾಪುಗಳಲ್ಲಿ ನೀರು ಆರಿಹೋಗಿದ್ದುದನ್ನು ತನಿಖೆ ಮಾಡಿದವರು ಮುಖ್ಯ ಕಾರಣಗಳಲ್ಲಿ ಒಂದೆಂದು ಗುರುತಿಸಿದರು. ಎರಡು ತಿಂಗಳು ಊರಿಗೆ ಹೋಗಿ ಬಂದ ಮನೆಯಲ್ಲಿ ಬಚ್ಚಲು ನಾರುತ್ತಿದ್ದರೆ ಒಂದು ಚೊಂಬು ನೀರು ಹಾಕಿದರಾಯಿತು, ಪ್ಲಂಬರನನ್ನು ಕರೆಯಬೇಕಿಲ್ಲ.

ಇನ್ನು ನನ್ನೊಡನೆ ವಾದಿಸಿದವರ ಮಾತುಗಳಿಗೆ ಬರುತ್ತೇನೆ.

ಮೊದಲನೆಯದು, “ಹೆಂಗಸರ ಕೂದಲಿನಿಂದ ಆಗುವ ತೊಂದರೆ, ಅವರೇ ನೋಡಿಕೊಳ್ಳಲಿ” ಎಂಬ ಗಂಡಸರ ವಾದ. ಇದನ್ನು ಹೇಳಿದವನು ನನ್ನ ಅಣ್ಣನ ಮಗ, ಆದ್ದರಿಂದ ಹೆಸರು ಬರೆಯುವುದಿಲ್ಲ, ಓದುವಾಗ ತಾನೇ ಎಂದು ಅವನಿಗೆ ತಿಳಿಯುತ್ತದೆ. ಮಗೂ, ಉದ್ದ ಕೂದಲು ಬಲೆಯಾಗುತ್ತದೆಂಬುದು ನಿಜ. ಆ ಬಲೆಗೆ ನಿನ್ನ ಮೈಯೆಣ್ಣೆ, ನಿನ್ನ ಗಡ್ಡದ ಸೋಪು, ನಿನ್ನ ಮಕ್ಕಳ ಮೈಮಣ್ಣು ಮೆತ್ತಿದ್ದರಿಂದಲೇ ಅದು ಗಟ್ಟಿಯಾದದ್ದು. ಮದುವೆಗೆ ಮುಂಚೆ ಹುಡುಗಿಯ ಜಡೆ ಮೊಣಕಾಲಿನವರೆಗೆ ಇದೆಯೆಂದು ಹತ್ತು ಜನರ ಮುಂದೆ ಹೊಗಳಿ, ಮಲ್ಲಿಗೆ ಮುಡಿಸಿ ಫೋಟೋ ತೆಗೆಸಿ, ಅದೇ ಕೂದಲು ಬಚ್ಚಲಲ್ಲಿ ಸಿಕ್ಕಿಕೊಂಡಾಗ ‘ನಿನ್ನ ಕೂದಲು’ ಎನ್ನುವುದು ಯಾವ ನ್ಯಾಯ? ನಮ್ಮ ಮನೆಗಳಲ್ಲಿ ಬಚ್ಚಲು ತಿಕ್ಕುವ ಕೆಲಸ ಹೊಸದಾಗಿ ಬಂದ ಸೊಸೆಯದೆಂದು ಯಾರೂ ಬರೆದಿಟ್ಟಿಲ್ಲ, ಆದರೂ ಹಾಗೇ ನಡೆದು ಬಂತು. ಅವಳ ಕೈಗೆ ಕೆಲಸದವಳು ಬಂದ ಮೇಲೆ ಅದು ಕೆಲಸದವಳಿಗೆ ಇಳಿಯಿತು. ಪೊರಕೆ ಕೈಬದಲಾಯಿತೇ ಹೊರತು ಗಂಡಸಿನ ಕೈಗೆ ಬರಲಿಲ್ಲ.

ಎರಡನೆಯದು ಹೇಸಿಗೆ. ನನ್ನ ಮಗಳ ಅಮೆರಿಕದ ಮನೆಯಲ್ಲಿ ಆರು ತಿಂಗಳಿದ್ದಾಗ ಟಬ್ಬು ಕಟ್ಟಿಕೊಂಡಿತು. ನಾನು ಸೆರಗು ಕಟ್ಟಿ ಕೂತೊಡನೆ ಅಳಿಯ ಗಾಬರಿಯಾಗಿ, “ಅತ್ತೆ, ನೀವ್ಯಾಕೆ ಅದಕ್ಕೆಲ್ಲ ಕೈ ಹಾಕ್ತೀರಿ? ಗಲೀಜು. ಶನಿವಾರ ಪ್ಲಂಬರ್ ಬರ್ತಾನೆ” ಎಂದ. ಸಂಕೋಚದಿಂದ ಹೇಳಿದ ಮಾತು, ಅವನು ಒಳ್ಳೆಯವನೇ. ಆದರೆ ಯೋಚಿಸಿ ನೋಡಿ. ಬೆಳಿಗ್ಗೆ ಎಂಟು ಗಂಟೆಗೆ ಆ ಕೂದಲು ತಲೆಯ ಮೇಲಿತ್ತು, ಬಾಚಣಿಗೆ ಹಾಕಿ ಬಾಚುತ್ತಿದ್ದೆವು. ಎಂಟೂವರೆಗೆ ಕೊಳವೆಯಲ್ಲಿದೆ. ಅರ್ಧ ಗಂಟೆಯಲ್ಲಿ ಅದು ಪರರ ವಸ್ತುವಾಯಿತೇ? ನಮ್ಮದೇ ಮೈಯ ಕೊಳೆ ನಮಗೆ ಹೇಸಿಗೆಯಾದರೆ, ಅಪರಿಚಿತನಾದ ಪ್ಲಂಬರನಿಗೆ ಅದು ಶ್ರೀಗಂಧವಾಗುವುದು ಹೇಗೆ? ಅವನಿಗೂ ಎರಡು ಮೂಗಿನ ಹೊಳ್ಳೆಗಳಿವೆ. ಅಂದು ಹತ್ತು ನಿಮಿಷದಲ್ಲಿ ನೀರು ಸುಳಿ ಸುತ್ತಿ ಇಳಿಯಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅಳಿಯ ಮುಂದಿನ ಸಲ ತಾನೇ ಬಿಚ್ಚಿದನೆಂದು ಕೇಳಿದ್ದೇನೆ.

ಮೂರನೆಯದೇ ಎಲ್ಲಕ್ಕಿಂತ ಜಾಣತನದ ವಾದ: “ನಾವೇ ಮಾಡಿಕೊಂಡರೆ ಅವರಿಗೆ ಕೆಲಸ ಎಲ್ಲಿಂದ ಬರಬೇಕು?” ಬಡವರ ಹೊಟ್ಟೆಪಾಡಿನ ಬಗ್ಗೆ ನಮಗೆ ಕರುಣೆ ಉಕ್ಕುವುದು ಬಚ್ಚಲು ಕಟ್ಟಿಕೊಂಡಾಗ ಮಾತ್ರ ಎಂಬುದು ಸೋಜಿಗ. ಅದೇ ಜನ ಅವನ ಕೂಲಿಯಲ್ಲಿ ಐವತ್ತು ರೂಪಾಯಿ ಚೌಕಾಸಿ ಮಾಡುತ್ತಾರೆ, ಕುಡಿಯಲು ನೀರು ಕೊಡಬೇಕಾದರೆ ಲೋಟ ಹುಡುಕುತ್ತಾರೆ. ಪ್ಲಂಬರನ ವಿದ್ಯೆಗೆ ನನ್ನ ಗೌರವ ದೊಡ್ಡದು. ಗೋಡೆಯೊಳಗೆ ಕೊಳವೆ ಒಡೆದಾಗ, ಹೊಸ ಸಂಪರ್ಕ ಕೊಡುವಾಗ, ಒಂದು ಕಡೆ ಫ್ಲಷ್ ಮಾಡಿದರೆ ಇನ್ನೊಂದು ಕಡೆ ಟಬ್ಬಿನಲ್ಲಿ ನೀರು ಉಕ್ಕಿ ಬಂದಾಗ ಅವನನ್ನೇ ಕರೆಯಬೇಕು. ಈ ಕಡೆಯದು ಮುಖ್ಯ ಕೊಳವೆಯೇ ಕಟ್ಟಿರುವುದರ ಲಕ್ಷಣ, ಪಟ್ಟಿ ಪ್ಲಂಜರುಗಳಿಂದ ಆಗುವ ಕೆಲಸವಲ್ಲ. ಅವನು ಬಂದಾಗ ನೀವು ಏನೇನು ಸುರಿದಿದ್ದೀರೆಂದು ಬಾಯಿಬಿಟ್ಟು ಹೇಳಿ. ಮೂರು ಪ್ಯಾಕೆಟ್ ಕಾಸ್ಟಿಕ್ ಹಾಕಿದ ಕೊಳವೆಯನ್ನು, ‘ಏನೂ ಹಾಕಿಲ್ಲಪ್ಪ’ ಎಂದು ಹೇಳಿ ಬಿಚ್ಚಿಸಿದ ಮನೆಯೊಂದು ನನಗೆ ಗೊತ್ತು. ಬರಿಗೈಯಲ್ಲಿ ಬಿಚ್ಚಿದ ಹುಡುಗನ ಮುಂಗೈಯ ಚರ್ಮ ಸುಲಿದು ಹೋಯಿತು. ಅವನಿಗೆ ಮನೆಯವರು ಕೊಟ್ಟದ್ದು ಬರ್ನಾಲ್ ಟ್ಯೂಬು ಮತ್ತು ಬೈಗುಳ. ‘ಯಾವ ಪುಡಿ ಹಾಕಲಿ’ ಎಂದು ನನ್ನನ್ನು ಕೇಳುವವರ ಮೇಲೆ ನಾನು ರೇಗುವುದು ಈ ಕೈಯ ನೆನಪಿನಿಂದ.

ನೀವು ಸುರಿದದ್ದು ನಿಮ್ಮ ಗೋಡೆಯಾಚೆ ಮಾಯವಾಗುವುದಿಲ್ಲ. ಸೆಪ್ಟಿಕ್ ಟ್ಯಾಂಕಿದ್ದರೆ ಅಲ್ಲಿ ಕೊಳೆಯನ್ನು ಕೊಳೆಸಿ ಕರಗಿಸುವ ಜೀವಾಣುಗಳಿಗೆ ಅದು ಕೇಡು, ಅವು ಸೊರಗಿದಷ್ಟೂ ಟ್ಯಾಂಕು ಬೇಗ ತುಂಬುತ್ತದೆ. ತುಂಬಿದ ಟ್ಯಾಂಕಿಗೆ ಯಾರು ಇಳಿಯುತ್ತಾರೆ?

ಈ ಪ್ರಶ್ನೆಗೆ ಕರ್ನಾಟಕಕ್ಕೆ ಒಂದು ಇತಿಹಾಸವಿದೆ. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅವರ ‘ಬೂಸಾ’ ಮಾತನ್ನು ಇಂದಿಗೂ ನೆನೆದು ಸಿಟ್ಟಾಗುವವರಿದ್ದಾರೆ, ಈ ಆಜ್ಞೆಯನ್ನು ನೆನೆಯುವವರು ಕಡಮೆ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿ, ತನ್ನ ಸಮುದಾಯದವರು ಮಲದ ಗುಂಡಿಗಳನ್ನು ಬಳಿಯುವುದನ್ನು ಕಂಡು ಬೆಳೆದ ಬೆಜವಾಡ ವಿಲ್ಸನ್ ಅವರು ಆ ಕಾನೂನು ಕಾಗದದ ಮೇಲೇ ಉಳಿದಿದೆಯೆಂದು ದೇಶದುದ್ದಕ್ಕೂ ಹೋರಾಡಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಮ್ಮ ಪತ್ರಿಕೆಗಳು ‘ಕನ್ನಡ ನಾಡಿನ ಕುವರ’ ಎಂದು ಹಿಗ್ಗಿದವು. 2013ರ ಕಾನೂನು ಇನ್ನೂ ಮುಂದೆ ಹೋಗಿ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದನ್ನು ಅಪರಾಧವೆಂದಿತು. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸರ್ವೋಚ್ಚ ನ್ಯಾಯಾಲಯ, 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದದ್ದು ಸಾವುಗಳು ನಿಲ್ಲಲಿಲ್ಲವಾದ್ದರಿಂದ.

“ಬಚ್ಚಲ ಕೂದಲಿನಿಂದ ಒಳಚರಂಡಿಯ ಸಾವಿಗೆ ಎಲ್ಲಿಯ ನಂಟು ಟೀಚರ್?” ಎಂದು ನನ್ನ ಡಾಕ್ಟರ್ ಶಿಷ್ಯೆಯೇ ಕೇಳಿದಳು. ನಂಟು ಕೊಳವೆಯ ನಂಟೇ, ತಾಯೀ. ಅದೂ ಅಲ್ಲದೆ, ಒಂದು ಗೇಣಿನ ಆಳದ ತನ್ನದೇ ಕೊಳೆಗೆ ಕೈ ಹಾಕಲು ಬೇರೊಬ್ಬ ಬೇಕೆಂದು ಮನಸ್ಸು ಒಗ್ಗಿಹೋದ ಮೇಲೆ, ಹತ್ತಡಿ ಆಳದ ಊರ ಕೊಳೆಗೂ ಬೇರೊಬ್ಬ ಇದ್ದೇ ಇರುತ್ತಾನೆಂಬ ಭರವಸೆ ತಾನಾಗಿ ಬರುತ್ತದೆ. ಆ ‘ಬೇರೊಬ್ಬ’ ಯಾವ ಕೇರಿಯಿಂದ ಬರುತ್ತಾನೆಂದು ನಾವು ಕೇಳುವುದೂ ಇಲ್ಲ, ಕೇಳದೆಯೇ ನಮಗೆ ಗೊತ್ತಿರುತ್ತದೆ. ಸುಮಾರು ನಾಲ್ಕೂವರೆ ಸಾವಿರ ವರ್ಷಗಳ ಹಿಂದೆ ಮೊಹೆಂಜೊದಾರೋದ ಇಟ್ಟಿಗೆಯ ಚರಂಡಿಗಳಿಗೆ ಎತ್ತಿ ತೆಗೆಯಬಲ್ಲ ಮುಚ್ಚಳಗಳನ್ನು ಇಟ್ಟಿದ್ದರೆಂದು ಪಾಠ ಮಾಡುವಾಗ ಮಕ್ಕಳು ಅಚ್ಚರಿಪಡುತ್ತಿದ್ದರು. ಆ ಮುಚ್ಚಳ ಎತ್ತುತ್ತಿದ್ದವರು ಯಾರು ಎಂದು ನನ್ನ ಇಡೀ ವೃತ್ತಿಜೀವನದಲ್ಲಿ ಒಬ್ಬನೇ ಹುಡುಗ ಕೇಳಿದ. ಅವನ ತಂದೆ ಪುರಸಭೆಯಲ್ಲಿ ಪೌರಕಾರ್ಮಿಕರಾಗಿದ್ದರು.

ಅಪಾರ್ಟ್‌ಮೆಂಟುಗಳ ಸಂಘದಲ್ಲಿ ಪದಾಧಿಕಾರಿಗಳಾಗಿರುವ ನನ್ನ ಶಿಷ್ಯರಿಗೆ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಕಳೆದ ಸಲ ಫೋನಿನಲ್ಲಿ ಅರ್ಧಕ್ಕೆ ನಿಂತ ಮಾತು ಅದು. ಮನೆಯೊಳಗಿನ ಟ್ರ್ಯಾಪ್ ಮನೆಯವರ ಕೈಯ ಕೆಲಸ. ನಿಮ್ಮ ಕಟ್ಟಡದ ಚೇಂಬರಿನಿಂದಾಚೆಗಿನದು ಯಂತ್ರದ ಕೆಲಸ. ನೀರನ್ನು ಒತ್ತಡದಲ್ಲಿ ಚಿಮ್ಮಿಸಿ ಕೊಳವೆ ಬಿಡಿಸುವ ಜೆಟ್ಟಿಂಗ್ ಯಂತ್ರಗಳು, ಹೀರುವ ಲಾರಿಗಳು ನಮ್ಮ ನಗರಗಳಲ್ಲಿವೆ. ಬರಲು ಒಂದು ದಿನ ತಡವಾಗಬಹುದು, ಖರ್ಚು ಹೆಚ್ಚಾಗಬಹುದು. “ಮೇಡಂ, ಒಬ್ಬ ಹುಡುಗ ಇದಾನೆ, ಐನೂರು ಕೊಟ್ರೆ ಇಳಿದು ತೆಗೀತಾನೆ, ಅರ್ಧ ಗಂಟೆ ಕೆಲಸ” ಎಂದು ಯಾರಾದರೂ ಬಂದರೆ ಬೇಡವೆನ್ನಿ. ಅವನೇ ಬಂದು ಇಳಿಯುತ್ತೇನೆಂದರೂ ಬೇಡವೆನ್ನಿ. ಗುಂಡಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಅನಿಲ ಕೊಳೆತ ಮೊಟ್ಟೆಯಂತೆ ನಾರುತ್ತದೆಂದು ಪುಸ್ತಕದಲ್ಲಿ ಓದಿದ್ದೀರಿ. ಪ್ರಮಾಣ ಹೆಚ್ಚಾದಾಗ ಅದು ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ. ಇಳಿದವನಿಗೆ ವಾಸನೆ ನಿಂತುಹೋಗುತ್ತದೆ, ಗಾಳಿ ಸರಿಯಾಯಿತೆಂದು ಅವನು ಇನ್ನೆರಡು ಮೆಟ್ಟಿಲು ಇಳಿಯುತ್ತಾನೆ. ಅವನನ್ನು ಎಳೆಯಲು ಹೋದ ಎರಡನೆಯವನೂ ಅಲ್ಲಿಯೇ ಬೀಳುತ್ತಾನೆ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದಾಗ ಸತ್ತವರ ಸಂಖ್ಯೆ ಎರಡೋ ಮೂರೋ ಆಗಿರುವುದು ಹೆಚ್ಚಾಗಿ ಇದೇ ಕಾರಣಕ್ಕೆ. ಚೇಂಬರಿನ ಮುಚ್ಚಳ ಎತ್ತುವ ಮೊದಲು ಯಂತ್ರ ಬಂದಿದೆಯೇ ಎಂದು ಕೆಳಗಿಳಿದು ಹೋಗಿ ನೋಡಿ, ಬಂದಿಲ್ಲವಾದರೆ ಮುಚ್ಚಳದ ಮೇಲೆ ಕುರ್ಚಿ ಹಾಕಿಕೊಂಡು ಕೂತುಬಿಡಿ.